ಹುಟ್ಟಿದ ಜಾಗಕ್ಕೇ ಶಾಖ: ಹಂದಿಮರಿಗಳ ಹೆರಿಗೆ ಅಂಕಣವನ್ನು ಮತ್ತೆ ಕಟ್ಟಿದ ದಾಖಲೆ

ಮರಿಗೂಡಿನೊಳಗಿನ ತಾಪಮಾಪಕ 34 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದ ಹೊತ್ತಿನಲ್ಲೇ, ಅಲ್ಲಿಂದ ನಾಲ್ಕು ಅಡಿ ದೂರದಲ್ಲಿ, ತಾಯಿ ಹಂದಿಯ ಹಿಂಗಾಲುಗಳ ಹಿಂದೆ, ಆಗಷ್ಟೇ ಹುಟ್ಟಿದ ಮರಿಯೊಂದು ಒದ್ದೆ ಸಿಮೆಂಟು ನೆಲದ ಮೇಲೆ ನಡುಗುತ್ತಿತ್ತು. ಮೂರು ವಾರ ಶ್ರಮಪಟ್ಟು ಕಟ್ಟಿದ ಆ ಗೂಡಿನ ಕಡೆಗೆ ಅದು ತಿರುಗಿಯೂ ನೋಡಲಿಲ್ಲ. ತಾಯಿಯ ಹಿಂಗಾಲನ್ನು ಬಳಸಿಕೊಂಡು ಕೆಚ್ಚಲಿನ ಕಡೆಗೆ ತೆವಳುವುದಷ್ಟೇ ಅದರ ಗುರಿಯಾಗಿತ್ತು. ನಾನು ಶಾಖವನ್ನು ಸರಿಯಾದ ಪ್ರಮಾಣದಲ್ಲಿ ಒದಗಿಸಿದ್ದೆ, ಆದರೆ ತಪ್ಪಾದ ಜಾಗದಲ್ಲಿ ಮತ್ತು ತಪ್ಪಾದ ವೇಳೆಗೆ ಒದಗಿಸಿದ್ದೆ. ಆ ತಪ್ಪನ್ನು ತಿದ್ದಲು ಮಾಡಿದ ಕೆಲಸದ ದಾಖಲೆ ಇದು.

ಆ ಸೂಲಿನಲ್ಲಿ ಹನ್ನೊಂದು ಮರಿಗಳು ಜೀವಂತವಾಗಿ ಹುಟ್ಟಿದವು. ಕೋಣೆಯ ಗಾಳಿ 19 ಡಿಗ್ರಿಯಲ್ಲಿತ್ತು. ತಾಯಿಯ ಹಿಂದಿನ ನೆಲವನ್ನು ಅತಿಗೆಂಪು ತಾಪಮಾಪಕದಿಂದ ಅಳೆದಾಗ 17.5 ಡಿಗ್ರಿ ಬಂತು. ಹುಟ್ಟಿದ ಒಂದು ಗಂಟೆಗೆ ಪ್ರತಿ ಮರಿಯ ಗುದದ್ವಾರದ ತಾಪಮಾನವನ್ನು ತೆಗೆದುಕೊಂಡೆ. ಹೆಚ್ಚೆಂದರೆ 37.4, ಎಲ್ಲಕ್ಕಿಂತ ಕಡಿಮೆ 34.9. ಆ ಕನಿಷ್ಠ ಅಳತೆಯ ಮರಿಯ ತೂಕ 950 ಗ್ರಾಂ. ಅದು ಮರುದಿನ ಸತ್ತಿತು. ಇನ್ನೊಂದು ಮರಿ ಎರಡನೆಯ ರಾತ್ರಿ ತಾಯಿಯ ಮೈಯಡಿ ಸಿಕ್ಕಿ ಸತ್ತಿತು. ಪುಸ್ತಕದಲ್ಲಿ ಅದರ ಮುಂದೆ ನಾನು ಬರೆದದ್ದು "ಜಜ್ಜಿ ಸಾವು" ಎಂದು. ಪುಸ್ತಕದ ಒಂದು ಗಂಟೆಯ ಅಳತೆಯ ಕಾಲಂನಲ್ಲಿ ಅದೇ ಮರಿಯ ಹೆಸರಿನಲ್ಲಿ 35.6 ಎಂದು ಬರೆದಿದ್ದನ್ನು ಗಮನಿಸಿದ್ದು ಒಂದು ವಾರದ ನಂತರ.

ಮರಿ ಏಕೆ ಇಷ್ಟು ಬೇಗ ತಣ್ಣಗಾಗುತ್ತದೆ

ಗರ್ಭದೊಳಗೆ ಮರಿ ಸುಮಾರು 39 ಡಿಗ್ರಿಯ ದ್ರವದಲ್ಲಿರುತ್ತದೆ. ಹೊರಬಂದ ಕ್ಷಣದಲ್ಲಿ ಅದು ಇಪ್ಪತ್ತು ಡಿಗ್ರಿಯಷ್ಟು ತಂಪಾದ ಗಾಳಿಗೆ, ಒದ್ದೆ ಮೈಯಲ್ಲಿ, ರೋಮವೇ ಇಲ್ಲವೆನ್ನಬಹುದಾದ ಚರ್ಮದೊಂದಿಗೆ ಬೀಳುತ್ತದೆ. ನವಜಾತ ಹಂದಿಮರಿಯ ಕೆಳ ನಿರ್ಣಾಯಕ ತಾಪಮಾನ, ಅಂದರೆ ಹೆಚ್ಚುವರಿ ಶಾಖವನ್ನು ಉತ್ಪಾದಿಸದೆ ಮೈ ಬಿಸಿಯನ್ನು ಕಾಯ್ದುಕೊಳ್ಳಬಲ್ಲ ಸುತ್ತಲಿನ ತಾಪಮಾನದ ಕೆಳಮಿತಿ, 34 ಡಿಗ್ರಿಯ ಆಸುಪಾಸಿನಲ್ಲಿದೆ. ಲಾರೆನ್ಸ್ ಮೌಂಟ್ ಎಂಬ ಶರೀರಕ್ರಿಯಾ ವಿಜ್ಞಾನಿ 1959ರಲ್ಲಿ ನವಜಾತ ಹಂದಿಮರಿಗಳ ಚಯಾಪಚಯದ ವೇಗವನ್ನು ಬೇರೆಬೇರೆ ತಾಪಮಾನಗಳಲ್ಲಿ ಅಳೆದು ಪ್ರಕಟಿಸಿದರು. ಸುತ್ತಲಿನ ತಾಪಮಾನ ಇಳಿದಂತೆ ಮರಿಯ ಆಮ್ಲಜನಕ ಬಳಕೆ ಏರುತ್ತಾ ಹೋಗುತ್ತದೆ. ತಾಯಿಗೆ ಹಿತವಾದದ್ದು 16ರಿಂದ 22 ಡಿಗ್ರಿ. ಒಂದೇ ಅಂಕಣದಲ್ಲಿ ಹನ್ನೆರಡು ಡಿಗ್ರಿಗೂ ಹೆಚ್ಚಿನ ಅಂತರದ ಎರಡು ಹವಾಮಾನಗಳು ಬೇಕು. ಈ ಕೆಲಸದ ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ.

ಗಾತ್ರದ ಲೆಕ್ಕವನ್ನೂ ಮಾಡಿ ನೋಡಿದೆ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. 200 ಕಿಲೋ ತಾಯಿಗೂ 1.4 ಕಿಲೋ ಮರಿಗೂ ತೂಕದ ಅನುಪಾತ ಸುಮಾರು 143. ಅದರ ಘನಮೂಲ ಐದಕ್ಕಿಂತ ತುಸು ಹೆಚ್ಚು. ಅಂದರೆ ಪ್ರತಿ ಕಿಲೋ ತೂಕಕ್ಕೆ ಮರಿ ತಾಯಿಗಿಂತ ಐದು ಪಟ್ಟು ಹೆಚ್ಚು ಚರ್ಮವನ್ನು ಗಾಳಿಗೆ ಒಡ್ಡಿಕೊಂಡಿರುತ್ತದೆ. 1.4 ಕಿಲೋ ಮರಿಯ ಮೈಬಿಸಿ ಎರಡು ಡಿಗ್ರಿ ಇಳಿಯಬೇಕಾದರೆ ಸುಮಾರು 10 ಕಿಲೋಜೂಲ್ ಶಾಖ ಹೋದರೆ ಸಾಕು. ಒಂದು ಗ್ರಾಂ ನೀರು ಚರ್ಮದ ಮೇಲಿಂದ ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕು. ಮೈಗೆ ಅಂಟಿದ ದ್ರವದಲ್ಲಿ ಐದು ಗ್ರಾಂ ಮಾತ್ರ ಮರಿಯ ಸ್ವಂತ ಬಿಸಿಯಿಂದ ಆರಿದರೂ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಒರೆಸುವ ಬಟ್ಟೆಯೊಂದು ಎಷ್ಟು ದೊಡ್ಡ ಉಪಕರಣ ಎಂಬುದು ನನಗೆ ಅರ್ಥವಾದದ್ದು ಈ ಅಂಕಿಗಳನ್ನು ಕಾಗದದ ಮೇಲೆ ಬರೆದಾಗ. ಹುಟ್ಟಿದ ಅರ್ಧ ಗಂಟೆಯೊಳಗೆ ಎರಡು ಡಿಗ್ರಿ ಇಳಿಯುವುದು ಸಾಮಾನ್ಯ ಸಂಗತಿ. ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ಹೊತ್ತಿನಲ್ಲಿ ಮೇಲೇರುತ್ತದೆ ಎಂಬುದರಲ್ಲಿ ಮರಿಯ ಹಣೆಬರಹವಿದೆ.

ಬೇರೆ ಅನೇಕ ಪ್ರಾಣಿಗಳ ಮರಿಗಳಿಗೆ ಚಳಿಯನ್ನು ಎದುರಿಸಲು ಕಂದು ಕೊಬ್ಬು ಎಂಬ ವಿಶೇಷ ಅಂಗಾಂಶವಿರುತ್ತದೆ. ಅದು ನಡುಗದೆಯೇ ಶಾಖವನ್ನು ಉತ್ಪಾದಿಸುತ್ತದೆ. ಹಂದಿಮರಿಗೆ ಅದಿಲ್ಲ. ಆ ಶಾಖಕ್ಕೆ ಬೇಕಾದ ಪ್ರೋಟೀನಿನ ಜೀನು ಹಂದಿಗಳ ವಂಶದಲ್ಲಿ ಸುಮಾರು ಎರಡು ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ ಎಂಬುದನ್ನು 2006ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟರು. ಹುಟ್ಟುವಾಗ ಮರಿಯ ಮೈಯಲ್ಲಿರುವ ಕೊಬ್ಬು ಶೇಕಡಾ 1ರಿಂದ 2 ಮಾತ್ರ, ಅದರಲ್ಲೂ ಬಹುಪಾಲು ಜೀವಕೋಶಗಳ ರಚನೆಗೆ ಸೇರಿದ್ದು, ಉರಿಸಲು ಸಿಗುವಂಥದ್ದಲ್ಲ. ಉಳಿದದ್ದು ನಡುಕ. ನಡುಕಕ್ಕೆ ಬೇಕಾದ ಇಂಧನ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಇರುವ ಗ್ಲೈಕೋಜೆನ್. ಅದು ಒಂದು ದಿನಕ್ಕೂ ಸಾಲುವುದಿಲ್ಲ, ಚಳಿಯಲ್ಲಿ ಇನ್ನೂ ಬೇಗ ತೀರುತ್ತದೆ. ಆಮೇಲೆ ಗಿಣ್ಣುಹಾಲೊಂದೇ ದಾರಿ.

ಗಿಣ್ಣುಹಾಲಿಗೆ ಎರಡನೆಯ ಕೆಲಸವೂ ಇದೆ. ಹಂದಿಯ ಮಾಸು ತಾಯಿಯ ಪ್ರತಿಕಾಯಗಳನ್ನು ಭ್ರೂಣಕ್ಕೆ ದಾಟಿಸುವುದಿಲ್ಲ. ಆದ್ದರಿಂದ ಮರಿ ರೋಗನಿರೋಧಕ ಶಕ್ತಿಯ ವಿಷಯದಲ್ಲಿ ಬರಿಗೈಯಲ್ಲಿ ಹುಟ್ಟುತ್ತದೆ. ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ 24ರಿಂದ 36 ಗಂಟೆಗಳು ಮಾತ್ರ. ಮೊದಲ ದಿನದಲ್ಲಿ ಒಂದು ಮರಿಗೆ ಸುಮಾರು 200ರಿಂದ 250 ಗ್ರಾಂ ಗಿಣ್ಣುಹಾಲು ಸಿಗಬೇಕು. ತಣ್ಣಗಾದ ಮರಿ ಮಂಕಾಗುತ್ತದೆ, ಮಂಕಾದದ್ದು ಮೊಲೆ ಹುಡುಕಲು ತಡಮಾಡುತ್ತದೆ, ತಡಮಾಡಿದ್ದಕ್ಕೆ ಹಾಲು ಕಡಿಮೆ, ಹಾಲು ಕಡಿಮೆಯಾದದ್ದು ಮತ್ತೂ ತಣ್ಣಗಾಗಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತದೆ. ತಾಯಿ ಮಗ್ಗುಲು ಬದಲಿಸಿದಾಗ ಸರಿದುಕೊಳ್ಳುವಷ್ಟು ಚುರುಕು ಅದಕ್ಕಿರುವುದಿಲ್ಲ. ನನ್ನ ಪುಸ್ತಕದ "ಜಜ್ಜಿ ಸಾವು" ಆ ಸರಪಳಿಯ ಕೊನೆಯ ಕೊಂಡಿ ಮಾತ್ರ.

ಹಳೆಯ ಗೂಡಿನ ತಪಾಸಣೆ

ಹಳೆಯ ಗೂಡು ಪ್ಲೈವುಡ್‌ನದ್ದು. ಉದ್ದ 120 ಸೆಂಟಿಮೀಟರ್, ಅಗಲ 60. ಮುಚ್ಚಳದಿಂದ 250 ವ್ಯಾಟ್‌ನ ಅತಿಗೆಂಪು ದೀಪ ತೂಗುತ್ತಿತ್ತು. ಪಕ್ಕದ ಗೋಡೆಗೆ 40 ಸೆಂಟಿಮೀಟರ್ ಎತ್ತರದಲ್ಲಿ ತಾಪ ನಿಯಂತ್ರಕದ ಸಂವೇದಕವನ್ನು ಅಂಟಿಸಿದ್ದೆ. ಮೊದಲು ಸಂವೇದಕವೇ ಸುಳ್ಳು ಹೇಳುತ್ತಿದೆಯೇ ಎಂದು ನೋಡಬೇಕಿತ್ತು. ಡಿಎಸ್18ಬಿ20 ಎಂಬ ಅಂಕೀಯ ಸಂವೇದಕಗಳು ಮೂರಿದ್ದವು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪವೇ ನೀರು ಬೆರೆಸಿ, ಕಲಕುತ್ತಾ ಹತ್ತು ನಿಮಿಷ ಅದ್ದಿಟ್ಟಾಗ ಅವು 0.2, ಮೈನಸ್ 0.1 ಮತ್ತು 0.4 ಎಂದು ತೋರಿಸಿದವು. ತಯಾರಕರು ಒಪ್ಪಿಕೊಳ್ಳುವ ಅರ್ಧ ಡಿಗ್ರಿಯ ತಪ್ಪಿನೊಳಗೇ ಎಲ್ಲವೂ ಇದ್ದವು. ಹಾಗಾದರೆ ದೋಷ ಸಂವೇದಕದ್ದಲ್ಲ, ಅದು ಕುಳಿತ ಜಾಗದ್ದು.

ಗೋಡೆಯ ಸಂವೇದಕ 34 ಎನ್ನುತ್ತಿರುವಾಗ ಎರಡನೆಯದನ್ನು ನೆಲದ ಮೇಲೆ, ದೀಪದ ವೃತ್ತದಿಂದ ಒಂದು ಗೇಣು ಆಚೆ, ಇಟ್ಟೆ. 26 ಬಂತು. ಮೂರನೆಯದನ್ನು ಗೋಡೆಯ ಸಂವೇದಕದ ಪಕ್ಕದಲ್ಲೇ, ಎರಡೂ ಬದಿ ತೆರೆದ ಹೊಳಪಿನ ಅಲ್ಯೂಮಿನಿಯಂ ಕೊಳವೆಯೊಳಗೆ ತೂಗಿಬಿಟ್ಟೆ. 30.5 ಬಂತು. ಕಪ್ಪು ಕವಚದ ಸಂವೇದಕ ದೀಪದ ಕಿರಣವನ್ನು ನೇರವಾಗಿ ಹೀರಿಕೊಂಡು ಗಾಳಿಗಿಂತ ಮೂರೂವರೆ ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ನಿಯಂತ್ರಕ ಅದನ್ನೇ ನಂಬಿ ದೀಪವನ್ನು ಆರಿಸುತ್ತಿತ್ತು. ಮರಿ ಮಲಗುವುದು ನೆಲದ ಮೇಲೆ, ಅದರ ಹೊಟ್ಟೆಯ ಕೆಳಗಿನ 26 ಡಿಗ್ರಿಯ ಸಿಮೆಂಟು ಅದರ ಬಿಸಿಯನ್ನು ಹೀರುತ್ತಿತ್ತು. ದೀಪ ಬೆನ್ನನ್ನು ಕಾಯಿಸುತ್ತದೆಯೇ ಹೊರತು ಹೊಟ್ಟೆಯನ್ನಲ್ಲ.

ಇದಕ್ಕಿಂತ ದೊಡ್ಡ ದೋಷ ಗೂಡಿನ ಹೊರಗಿತ್ತು. ಮೊದಲ ದಿನದಲ್ಲಿ ಮರಿಗಳು ಗೂಡಿಗೆ ಬರುವುದೇ ಇಲ್ಲ. ಎಷ್ಟೇ ಬೆಚ್ಚಗಿದ್ದರೂ ತಾಯಿಯ ವಾಸನೆ, ದನಿ, ಕೆಚ್ಚಲಿನ ಮೃದುತ್ವ ಅವನ್ನು ಅಲ್ಲೇ ಹಿಡಿದಿಡುತ್ತದೆ. ಎರಡು ಮೂರು ದಿನಗಳ ನಂತರವೇ ಅವು ಗೂಡಿನಲ್ಲಿ ಮಲಗುವುದನ್ನು ರೂಢಿಸಿಕೊಳ್ಳುತ್ತವೆ. ಅಷ್ಟರೊಳಗೆ ಸಾಯುವ ಮರಿಗಳಲ್ಲಿ ಹೆಚ್ಚಿನವು ಸತ್ತಾಗಿರುತ್ತದೆ, ಏಕೆಂದರೆ ಹಾಲು ಬಿಡಿಸುವ ಮುನ್ನ ಆಗುವ ಸಾವುಗಳಲ್ಲಿ ದೊಡ್ಡ ಪಾಲು ಮೊದಲ ಮೂರು ದಿನಗಳಲ್ಲೇ ಬೀಳುತ್ತದೆ. ಡೆನ್ಮಾರ್ಕ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮರಿ ಹಾಕುವ ಜಾಗದ ನೆಲವನ್ನೇ ಸುಮಾರು 33.5 ಡಿಗ್ರಿಗೆ ಬಿಸಿ ಮಾಡಿದಾಗ ಮರಿಗಳ ಮೈಬಿಸಿ ಬೇಗ ಚೇತರಿಸಿಕೊಂಡಿತು, ಅವು ಮೊದಲ ಹಾಲನ್ನೂ ಬೇಗ ಕುಡಿದವು. ನನ್ನ ಯೋಜನೆಗೆ ಆ ಅಂಕಿಯೇ ಗುರಿಯಾಯಿತು.

ಕಾಡುಹಂದಿಗೂ ಕಂದು ಕೊಬ್ಬಿಲ್ಲ, ಆದರೂ ಅದು ಚಳಿ ಸೀಮೆಗಳಲ್ಲಿ ಮರಿ ಹಾಕುತ್ತದೆ. ಹೆರಿಗೆಗೆ ಮುನ್ನ ಅದು ನೆಲ ಕೆದರಿ, ಹುಲ್ಲು ಕಡ್ಡಿ ತಂದು, ಆಳವಾದ ಗೂಡು ಕಟ್ಟಿಕೊಳ್ಳುತ್ತದೆ. ಸಾಕು ಹಂದಿಯಲ್ಲೂ ಆ ಹಂಬಲ ಅಳಿದಿಲ್ಲ. ಹೆರಿಗೆಯ ಹಿಂದಿನ ದಿನ ಸಿಮೆಂಟನ್ನೇ ಕಾಲಿನಿಂದ ಕೆರೆಯುವುದನ್ನು ಯಾರು ಬೇಕಾದರೂ ನೋಡಬಹುದು. ನಾವು ಗುಡಿಸಿ ತೊಳೆಯಲು ಸುಲಭವೆಂದು ಹಾಕಿದ ನೆಲ ಅದರ ಗೂಡನ್ನು ಕಿತ್ತುಕೊಂಡಿದೆ. ಈ ಚಪ್ಪಡಿ, ತಂತಿ, ನಿಯಂತ್ರಕಗಳೆಲ್ಲ ಆ ಗೂಡಿನ ಬದಲಿ ವ್ಯವಸ್ಥೆಯಷ್ಟೇ.

ಚಪ್ಪಡಿ

ತಾಯಿಯ ಹಿಂಭಾಗದಲ್ಲಿ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಬಿಸಿ ಚಪ್ಪಡಿ ಹಾಕುವುದೆಂದು ನಿರ್ಧರಿಸಿದೆ. ಮೇಲೆ ಹಾಸುವ ರಬ್ಬರ್ ಬಿಸಿ ಚಾಪೆ ಸುಲಭವಾಗಿತ್ತು, ಆದರೆ 200 ಕಿಲೋ ತೂಕದ ಪ್ರಾಣಿ ಗೊರಸಿನಿಂದ ತುಳಿದು, ಮೂತಿಯಿಂದ ಎಬ್ಬುವ ಜಾಗದಲ್ಲಿ ಅದು ಬಾಳದು. ಚಾಪೆಯನ್ನು ಮರಿಗೂಡಿಗೆ ಮೀಸಲಿಟ್ಟೆ.

ಹಳೆಯ ನೆಲವನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಒಡೆದು ತೆಗೆದೆ. ಕೆಳಗೆ 50 ಮಿಲಿಮೀಟರ್ ದಪ್ಪದ ಗಟ್ಟಿ ಫೋಮ್ ಹಲಗೆ, ಸುತ್ತಲಿನ ಅಂಚಿಗೂ 20 ಮಿಲಿಮೀಟರ್‌ನ ಪಟ್ಟಿ. ಅಂಚಿನ ಪಟ್ಟಿಯನ್ನು ಬಿಟ್ಟರೆ ಶಾಖ ಪಕ್ಕದ ನೆಲಕ್ಕೆ ಹರಿದು ಹೋಗುತ್ತದೆ. ಮೆದು ಥರ್ಮೋಕೋಲ್ ಈ ಕೆಲಸಕ್ಕೆ ಆಗದು, ಹಂದಿಯ ಭಾರಕ್ಕೆ ಕುಸಿದು ಚಪ್ಪಡಿ ಬಿರುಕು ಬಿಡುತ್ತದೆ. ಫೋಮ್ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಕಟ್ಟಿದ ಬಿಸಿ ತಂತಿ. 100 ವ್ಯಾಟ್‌ನ ಒಂಬತ್ತು ಮೀಟರ್ ತಂತಿಯನ್ನು ಎಂಟು ಸೆಂಟಿಮೀಟರ್ ಅಂತರದಲ್ಲಿ ಹಾವಿನಂತೆ ಸುತ್ತಿದರೆ ಜಾಗ ಸರಿಯಾಗಿ ತುಂಬುತ್ತದೆ. ಚದರ ಮೀಟರಿಗೆ ಸುಮಾರು 140 ವ್ಯಾಟ್ ಆಯಿತು. ಒಂದು ತಾಮ್ರದ ಕೊಳವೆಯನ್ನು, ಒಳ ತುದಿ ಮುಚ್ಚಿ, ಎರಡು ಸುತ್ತುಗಳ ನಡುವೆ ಬರುವಂತೆ, ಮೇಲ್ಮೈಯಿಂದ ಒಂದು ಸೆಂಟಿಮೀಟರ್ ಕೆಳಗೆ ಹೂತೆ. ಸಂವೇದಕ ಅದರೊಳಗೆ ಜಾರುತ್ತದೆ, ಕೆಟ್ಟರೆ ನೆಲ ಒಡೆಯದೆ ಹೊರಗೆಳೆಯಬಹುದು.

ಕಾಂಕ್ರೀಟ್ ಸುರಿಯುವ ಮೊದಲೂ ಸುರಿದ ನಂತರವೂ ತಂತಿಯ ರೋಧವನ್ನು ಅಳೆದು, ಮೆಗ್ಗರ್ ಎಂಬ ಉಪಕರಣದಿಂದ ಅದರ ನಿರೋಧನವನ್ನು, ಅಂದರೆ ವಿದ್ಯುತ್ ಹೊರಗೆ ಸೋರದಂತೆ ತಡೆಯುವ ಗುಣವನ್ನು, ಪರೀಕ್ಷಿಸಿ ಬರೆದಿಟ್ಟೆ. ಈ ಶಿಸ್ತು ಮುಂದೆ ಉಪಯೋಗಕ್ಕೆ ಬಂತು. ಇನ್ನೊಂದು ಶಿಸ್ತು ನನಗಿರಲಿಲ್ಲ. ಬಿಸಿ ತಂತಿ ಹೂತ ಕಾಂಕ್ರೀಟನ್ನು 28 ದಿನ ಹಸಿಯಾಗಿ ಮಾಗಲು ಬಿಟ್ಟು ಆಮೇಲೆ ಮೆಲ್ಲಗೆ ಬಿಸಿ ಮಾಡಬೇಕು. ಮುಂದಿನ ಹಂದಿಯ ದಿನ ಹತ್ತಿರ ಬರುತ್ತಿದೆ ಎಂಬ ಅವಸರದಲ್ಲಿ ನಾನು ಹನ್ನೊಂದನೆಯ ದಿನವೇ ವಿದ್ಯುತ್ ಕೊಟ್ಟೆ. ಮರುದಿನ ಮೂಲೆಯಿಂದ ಮೂಲೆಗೆ ಕೂದಲೆಳೆಯಷ್ಟು ಬಿರುಕು ಓಡಿತ್ತು. ಎಪಾಕ್ಸಿ ತುಂಬಿಸಿ, ಉಳಿದ ದಿನಗಳನ್ನು ಕೈಕಟ್ಟಿ ಕಾದೆ. ಆ ಸೂಲು ಒಣಹುಲ್ಲು ಮತ್ತು ಎರಡು ದೀಪಗಳ ಮೇಲೆಯೇ ನಡೆಯಿತು.

ಚಪ್ಪಡಿ ಎಷ್ಟು ಹೊತ್ತಿನಲ್ಲಿ ಬಿಸಿಯಾಗುತ್ತದೆ ಎಂಬುದನ್ನು ಮುಂಚೆ ಲೆಕ್ಕ ಹಾಕಿರಲಿಲ್ಲ. ಐದು ಸೆಂಟಿಮೀಟರ್ ದಪ್ಪದಲ್ಲಿ ಅದರ ತೂಕ ಸುಮಾರು 86 ಕಿಲೋ. ಒಂದು ಡಿಗ್ರಿ ಏರಿಸಲು 78 ಕಿಲೋಜೂಲ್‌ನಂತೆ, 18ರಿಂದ 33ಕ್ಕೆ ಏರಿಸಲು 1,170 ಕಿಲೋಜೂಲ್ ಬೇಕು. 100 ವ್ಯಾಟ್‌ನಲ್ಲಿ ನಷ್ಟವೇ ಇಲ್ಲವೆಂದರೂ ಮೂರು ಗಂಟೆಗಿಂತ ಹೆಚ್ಚು. ನಷ್ಟವೂ ಸೇರಿ ನನಗೆ ಏಳು ಗಂಟೆ ಹಿಡಿಯಿತು. ಮೊದಲ ಮರಿ ಕಂಡ ಮೇಲೆ ಗುಂಡಿ ಒತ್ತಿದರೆ ಕೊನೆಯ ಮರಿಗೂ ಅದರ ಪ್ರಯೋಜನ ಸಿಗದು. ಗರ್ಭಧಾರಣೆ 114 ಅಥವಾ 115 ದಿನ ಎಂಬುದು ಸರಾಸರಿ ಮಾತ್ರ. ಆದ್ದರಿಂದ 112ನೆಯ ದಿನದಿಂದ ಚಪ್ಪಡಿಯನ್ನು 25 ಡಿಗ್ರಿಯಲ್ಲಿ ಇಟ್ಟುಕೊಂಡು, ಮೊಲೆಯಿಂದ ಹಾಲಿನ ಹನಿ ಸುಲಭವಾಗಿ ಹೊರಬರತೊಡಗಿದಾಗ, ಅಂದರೆ ಹೆರಿಗೆ ಒಂದು ದಿನದೊಳಗಿದೆ ಎನ್ನುವಾಗ, 33.5ಕ್ಕೆ ಏರಿಸುವ ಕ್ರಮ ಮಾಡಿಕೊಂಡೆ.

ದೀಪ, ಗಾಳಿ, ಹುಲ್ಲು

ತಾಯಿಯ ಹಿಂದೆ 175 ವ್ಯಾಟ್‌ನ ದೀಪವನ್ನು ತೂಗಿಹಾಕಿದೆ. ಎತ್ತರವನ್ನು ಊಹೆಯಿಂದ ನಿರ್ಧರಿಸದೆ, ಮಂಕು ಕಪ್ಪು ಬಣ್ಣ ಬಳಿದ ಪ್ಲೈವುಡ್ ಹಲಗೆಯನ್ನು ನೆಲದ ಮೇಲಿಟ್ಟು, ಅರ್ಧ ಗಂಟೆ ಬಿಟ್ಟು, ಹತ್ತು ಸೆಂಟಿಮೀಟರಿಗೆ ಒಂದರಂತೆ ಅಳತೆ ತೆಗೆದೆ. 45 ಸೆಂಟಿಮೀಟರ್ ಎತ್ತರದಲ್ಲಿ ನಡುವೆ 42, ಇಪ್ಪತ್ತು ಸೆಂಟಿಮೀಟರ್ ಆಚೆ 31. 60 ಸೆಂಟಿಮೀಟರಿಗೆ ಏರಿಸಿದಾಗ ನಡುವೆ 36, ಆಚೆ 30. ಎರಡನೆಯದನ್ನೇ ಉಳಿಸಿಕೊಂಡೆ. ನಡುವೆ ಸುಡುವಂತಿದ್ದರೆ ಮರಿಗಳು ವೃತ್ತದ ಅಂಚಿನಲ್ಲಿ ಉಂಗುರದಂತೆ ಮಲಗುತ್ತವೆ, ತಣ್ಣಗಿದ್ದರೆ ಒಂದರ ಮೇಲೊಂದು ರಾಶಿ ಬೀಳುತ್ತವೆ, ಹಿತವಾಗಿದ್ದರೆ ಮಗ್ಗುಲಾಗಿ ಕಾಲುಚಾಚಿ ಪಕ್ಕಪಕ್ಕದಲ್ಲಿ ಮಲಗುತ್ತವೆ. ಇಷ್ಟು ಸಂವೇದಕಗಳ ನಂತರವೂ ನಾನು ಕೊನೆಗೆ ನಂಬುವುದು ಈ ನೋಟವನ್ನೇ.

ದೀಪ ತೂಗುವುದು ಸರಪಳಿಯಿಂದ, ಎಂದೂ ಅದರ ವೈರಿನಿಂದ ಅಲ್ಲ. ಹೋಲ್ಡರ್ ಪಿಂಗಾಣಿಯದೇ ಆಗಿರಬೇಕು, ಸುತ್ತ ಲೋಹದ ಜಾಲರಿ ಇರಬೇಕು, ಮೊದಲ ಸರಪಳಿಯ ಕೊಕ್ಕೆ ಕಳಚಿದರೂ ಹಿಡಿಯಲು ಎರಡನೆಯ ಸರಪಳಿ ಇರಬೇಕು. ಒಣಹುಲ್ಲಿನ ಮೇಲೆ ಬಿದ್ದ ದೀಪ ಇಡೀ ಕೊಟ್ಟಿಗೆಯನ್ನು ಸುಡಬಲ್ಲದು.

ಗಾಳಿಯ ಸೆಳೆತವನ್ನು ಕಂಡುಹಿಡಿದದ್ದು ಒಂದು ಕೋಲಿಗೆ ಕಟ್ಟಿದ ಹತ್ತಿಯ ಎಳೆಯಿಂದ. ಅಂಕಣದೊಳಗೆ ಮರಿಯ ಎತ್ತರದಲ್ಲಿ ಹಿಡಿದಾಗ ಎಳೆ ಬಾಗಿಲಿನ ಕಡೆಯಿಂದ ಒಂದೇ ಸಮನೆ ವಾಲುತ್ತಿತ್ತು. ಬಾಗಿಲ ಕೆಳಗಿನ ಎರಡು ಬೆರಳಿನ ಸಂದು ನನ್ನ ಎತ್ತರಕ್ಕೆ ಗೊತ್ತೇ ಆಗುವುದಿಲ್ಲ, ಒದ್ದೆ ಮರಿಗೆ ಅದು ಬೀಸಣಿಗೆ. ಸಂದಿಗೆ ರಬ್ಬರ್ ಪಟ್ಟಿ, ಅಂಕಣದ ಹಿಂಬದಿಗೆ 40 ಸೆಂಟಿಮೀಟರ್ ಎತ್ತರದ ಹಲಗೆ. ಇಡೀ ಯೋಜನೆಯಲ್ಲಿ ಕಡಿಮೆ ಶ್ರಮ ಬೇಡಿದ ಕೆಲಸ ಇದೇ, ಮೊದಲು ಮಾಡಬೇಕಿದ್ದುದೂ ಇದೇ.

ಹುಲ್ಲಿನ ವಿಷಯದಲ್ಲಿ ಒಂದು ದ್ವಂದ್ವವಿದೆ. ತಣ್ಣನೆಯ ನೆಲದ ಮೇಲೆ ದಪ್ಪ ಹುಲ್ಲು ಮರಿಯ ಬಿಸಿಯನ್ನು ಉಳಿಸುತ್ತದೆ, ಬಿಸಿ ಚಪ್ಪಡಿಯ ಮೇಲೆ ಅದೇ ದಪ್ಪ ಹುಲ್ಲು ಚಪ್ಪಡಿಯ ಶಾಖ ಮರಿಗೆ ತಲುಪದಂತೆ ತಡೆಯುತ್ತದೆ. ಐದು ಸೆಂಟಿಮೀಟರ್ ಹುಲ್ಲಿನ ಮೇಲೆ 27 ಡಿಗ್ರಿ ಮಾತ್ರ ಸಿಕ್ಕಿತು. ಈಗ ಚಪ್ಪಡಿಯ ಮೇಲೆ ಸಣ್ಣಗೆ ಕತ್ತರಿಸಿದ ಹುಲ್ಲನ್ನು ದ್ರವ ಹೀರುವಷ್ಟೇ ತೆಳ್ಳಗೆ ಹರಡುತ್ತೇನೆ. ಗೂಡು ಕಟ್ಟುವ ಹಂಬಲಕ್ಕೆ ತಾಯಿಯ ಮುಂಭಾಗದಲ್ಲಿ ಉದ್ದ ಹುಲ್ಲು ಹಾಕುತ್ತೇನೆ.

ತಾಯಿ ಏದುಸಿರು ಬಿಟ್ಟಾಗ

ಚಪ್ಪಡಿ ಮಾಗಿದ ನಂತರದ ಮೊದಲ ಹೆರಿಗೆಯಲ್ಲಿ ನಾನು ಉತ್ಸಾಹದಿಂದ ಎಲ್ಲವನ್ನೂ ಒಟ್ಟಿಗೆ ಹಚ್ಚಿದೆ. ಚಪ್ಪಡಿ 34ರಲ್ಲಿ, ಹಿಂದೊಂದು ದೀಪ, ಕೆಚ್ಚಲಿನ ಬದಿಗೆ ಇನ್ನೊಂದು, ಕೋಣೆ 23 ಡಿಗ್ರಿಯಲ್ಲಿ. ಮೂರನೆಯ ಮರಿಯ ಹೊತ್ತಿಗೆ ತಾಯಿಯ ಉಸಿರು ನಿಮಿಷಕ್ಕೆ ಅರವತ್ತನ್ನು ದಾಟಿತ್ತು. ಅದು ಪದೇಪದೇ ಏಳುತ್ತಾ ಮಲಗುತ್ತಾ ಇತ್ತು. ಸುತ್ತ ಒದ್ದೆ ಮರಿಗಳಿರುವಾಗ ತಾಯಿ ಎದ್ದು ಕುಳಿತು ಮಾಡುವುದಕ್ಕಿಂತ ಅಪಾಯದ್ದು ಬೇರೆ ಇಲ್ಲ. ಮರಿಗಳ ಬಿಸಿಗಾಗಿ ಕಟ್ಟಿದ ವ್ಯವಸ್ಥೆಯೇ ಅವನ್ನು ಜಜ್ಜಿಸುವ ಸ್ಥಿತಿಗೆ ಬಂದಿತ್ತು. ಕೆಚ್ಚಲಿನ ಬದಿಯ ದೀಪವನ್ನು ಆರಿಸಿ, ಮೇಲಿನ ಕಿಟಕಿಯನ್ನು ತೆರೆದು, ಕುಡಿಯಲು ತಣ್ಣೀರು ಕೊಟ್ಟೆ. ಅರ್ಧ ಗಂಟೆಯಲ್ಲಿ ಉಸಿರು ನಲವತ್ತಕ್ಕೆ ಇಳಿಯಿತು.

ಆ ರಾತ್ರಿಯ ನಂತರ ಎರಡು ಬದಲಾವಣೆಗಳಾದವು. ಕೋಣೆಯನ್ನು 20 ಡಿಗ್ರಿಯಲ್ಲೇ ಇಡುತ್ತೇನೆ. ತಾಯಿಯ ಭುಜ, ಎದೆ, ತಲೆಗಳು ಚಪ್ಪಡಿಯ ಆಚೆ ತಂಪು ನೆಲದ ಮೇಲೆ ಬರುವಂತೆ ಅಂಕಣದ ಹಿಂದಿನ ಅಡ್ಡಕಂಬಿಯನ್ನು ಮೂವತ್ತು ಸೆಂಟಿಮೀಟರ್ ಸರಿಸಿದೆ. ಹಂದಿ ಬೆವರಿನಿಂದ ಹೆಚ್ಚು ತಣಿಯಲಾರದು. ಉಸಿರು ಮತ್ತು ತಂಪು ನೆಲ ಅದಕ್ಕಿರುವ ಮುಖ್ಯ ದಾರಿಗಳು. ಅತಿ ಬಿಸಿಯಲ್ಲಿ ಅದು ತಿನ್ನುವುದು ಕಡಿಮೆಯಾಗಿ ಹಾಲೂ ಕುಗ್ಗುತ್ತದೆ, ಆಗ ಮರಿಗಳಿಗೆ ಇನ್ನೊಂದು ಬಾಗಿಲಿನಿಂದ ಅದೇ ನಷ್ಟ ಬರುತ್ತದೆ.

ನೀರು ಹೊಕ್ಕ ಜೋಡಣೆ

ಅಂಕಣವನ್ನು ತೊಳೆಯುವಾಗ 30 ಮಿಲಿಆಂಪಿಯರ್‌ನ ಸೋರಿಕೆ ವಿದ್ಯುತ್ ತಡೆ ಸ್ವಿಚ್ಚು ಬೀಳತೊಡಗಿತು. ಒಣಗಿದ ಮೇಲೆ ಸರಿಹೋಗುತ್ತಿತ್ತು. ಬಿರುಕಿನ ಮೇಲೆಯೇ ಅನುಮಾನವಿತ್ತು. ಆದರೆ ತಂತಿಯ ರೋಧ ಹಳೆಯ ಅಂಕಿಗೆ ಸರಿಯಾಗಿ ಹೊಂದುತ್ತಿತ್ತು, ಮೆಗ್ಗರ್‌ನ ಅಂಕಿ ಮಾತ್ರ ಒದ್ದೆಯಾದಾಗ ಪಾತಾಳಕ್ಕೆ ಇಳಿಯುತ್ತಿತ್ತು. ಬಿಸಿ ತಂತಿಯಿಂದ ಸಾಮಾನ್ಯ ತಂತಿಗೆ ಸೇರುವ ಜೋಡಣೆಯನ್ನು ನಾನು ಚಪ್ಪಡಿಯ ಅಂಚಿನಲ್ಲಿ, ನೆಲಮಟ್ಟಕ್ಕಿಂತ ತುಸು ಕೆಳಗೆ ಹೂತಿದ್ದೆ. ಉಳಿ ಹಾಕಿ ಅಂಚನ್ನು ಒಡೆದು ಜೋಡಣೆಯನ್ನು ಬಿಚ್ಚಿದಾಗ ಕವಚದೊಳಗೆ ಹಸಿರುಗಟ್ಟಿದ ತಾಮ್ರವಿತ್ತು. ಮೂತ್ರ ಬೆರೆತ ನೀರು ತಾಮ್ರವನ್ನು ಬೇಗ ತಿನ್ನುತ್ತದೆ. ಹಾಳಾದ ಭಾಗವನ್ನು ಕತ್ತರಿಸಿ, ಹೊಸ ಜೋಡಣೆಯನ್ನು ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಅಂಟುಳ್ಳ ಕೊಳವೆಯಿಂದ ಮುಚ್ಚಿ, ನೆಲದಿಂದ 80 ಸೆಂಟಿಮೀಟರ್ ಮೇಲಿನ ಪೆಟ್ಟಿಗೆಗೆ ಏರಿಸಿದೆ. ಜಾಲರಿಯನ್ನೂ ತಂತಿಯ ಲೋಹದ ಹೊದಿಕೆಯನ್ನೂ ಭೂಸಂಪರ್ಕಕ್ಕೆ ಸೇರಿಸಿದ್ದರಿಂದಲೇ ಸ್ವಿಚ್ಚು ಬಿತ್ತು, ಹಂದಿಗೆ ಏಟು ಬೀಳಲಿಲ್ಲ.

ಮೂರನೆಯ ಹೆರಿಗೆಯ ಅಳತೆಗಳು

ಚಪ್ಪಡಿಯ ಮೇಲಿನ ಮೂರನೆಯ ಹೆರಿಗೆಯಲ್ಲಿ ಹದಿಮೂರು ಮರಿಗಳು. ಹೆರಿಗೆ ನಾಲ್ಕು ಗಂಟೆ ನಡೆಯಿತು. ಪ್ರತಿ ಮರಿಯನ್ನು ಒರೆಸಿ, ಮೂಗು ಬಾಯಿಗಳ ಲೋಳೆ ತೆಗೆದು, ಚಪ್ಪಡಿಯ ಮೇಲೆಯೇ ಬಿಟ್ಟೆ. ತಾಪಮಾನ ನೋಡಿದ್ದು ಅರ್ಧ ಗಂಟೆ, ಒಂದು ಗಂಟೆ, ನಾಲ್ಕು ಗಂಟೆಗಳಲ್ಲಿ ಮಾತ್ರ, ಏಕೆಂದರೆ ಮರಿಯನ್ನು ಎತ್ತುವುದೇ ಅದರ ಹಾಲಿನ ಹೊತ್ತನ್ನು ಕದಿಯುತ್ತದೆ. ಒಂದು ಗಂಟೆಗೆ ಹನ್ನೆರಡು ಮರಿಗಳು 37.5ಕ್ಕಿಂತ ಮೇಲಿದ್ದವು. ನಾಲ್ಕು ಗಂಟೆಗೆ ಅವೆಲ್ಲವೂ 38.3ನ್ನು ದಾಟಿದ್ದವು. ಬೆರಳೆಣಿಕೆಯ ಸೂಲುಗಳಿಂದ ಬದುಕುಳಿಯುವಿಕೆಯ ಪ್ರಮಾಣದ ಬಗ್ಗೆ ಮಾತನಾಡುವುದು ತಪ್ಪಾಗುತ್ತದೆ. ಆದರೆ ಮೈಬಿಸಿಯ ಇಳಿತ ಅರ್ಧಕ್ಕರ್ಧ ಕಡಿಮೆಯಾದದ್ದು ಅಂಕಿಗಳಲ್ಲಿ ನಿಚ್ಚಳವಾಗಿದೆ.

ಹದಿಮೂರನೆಯದು ನನ್ನ ವ್ಯವಸ್ಥೆಗೆ ಬಗ್ಗಲಿಲ್ಲ. ಅದಕ್ಕೂ ಹಿಂದಿನ ಮರಿಗೂ ನಡುವೆ ಐವತ್ತು ನಿಮಿಷ ಕಳೆದಿತ್ತು. ಹೊಕ್ಕುಳ ಬಳ್ಳಿ ಬಿಳಿಚಿಕೊಂಡು, ಮೈ ನೀಲಿಗಟ್ಟಿ, ಕೈಯಲ್ಲಿ ಜೋತುಬಿದ್ದಿತ್ತು. ಉಜ್ಜಿದ ಮೇಲೆ ಉಸಿರಾಡಿತು, ಆದರೆ ನಡುಗಲಿಲ್ಲ. ಹೆರಿಗೆಯ ದಾರಿಯಲ್ಲಿ ಆಮ್ಲಜನಕದ ಕೊರತೆಯಾದ ಮರಿಗೆ ಶಾಖ ಉತ್ಪಾದಿಸುವ ಶಕ್ತಿಯೇ ಕುಂದಿರುತ್ತದೆ. ಬೆಚ್ಚನೆಯ ಚಪ್ಪಡಿಯ ಮೇಲಿದ್ದೂ ಒಂದು ಗಂಟೆಯಲ್ಲಿ ಅದು 35.8ಕ್ಕೆ ಇಳಿಯಿತು. ಮೈಬಿಸಿ ಇಳಿದ ಮರಿಯ ಹೊಟ್ಟೆಗೆ ಹಾಲು ಸುರಿಯುವುದು ಪ್ರಯೋಜನವಿಲ್ಲದ ಕೆಲಸ, ಕರುಳು ಆಗ ನಿಧಾನವಾಗಿರುತ್ತದೆ. ಮೊದಲು ಬಿಸಿ, ಆಮೇಲೆ ಹಾಲು. ಮುಚ್ಚಳವಿರುವ ಚಿಕ್ಕ ಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ ನಲವತ್ತು ನಿಮಿಷ ಇಟ್ಟು, ನಡುಕ ಶುರುವಾದದ್ದನ್ನು ಕಂಡು ನಿಟ್ಟುಸಿರು ಬಿಟ್ಟೆ. ನಡುಕವನ್ನು ಕಂಡು ಸಂತೋಷಪಟ್ಟದ್ದು ಅದೊಂದೇ ಸಲ. ತಾಯಿಯಿಂದ ಕರೆದಿಟ್ಟ ಗಿಣ್ಣುಹಾಲನ್ನು ಸಿರಿಂಜಿನಿಂದ ನಾಲಿಗೆಯ ಮೇಲೆ ಹನಿಹನಿಯಾಗಿ ಕೊಟ್ಟು, ದೊಡ್ಡ ಮರಿಗಳಲ್ಲಿ ಆರನ್ನು ಒಂದೂವರೆ ಗಂಟೆ ಮರಿಗೂಡಿನಲ್ಲಿ ಕೂಡಿಹಾಕಿ, ಖಾಲಿಯಾದ ಮೊಲೆಗಳ ಮುಂದೆ ಇದನ್ನು ಬಿಟ್ಟೆ. ಅದು ಬದುಕಿತು, ಹಾಲು ಬಿಡಿಸುವಾಗಲೂ ಎಲ್ಲಕ್ಕಿಂತ ಚಿಕ್ಕದಾಗಿಯೇ ಇತ್ತು.

ಹೆರಿಗೆ ಮುಗಿದು ಮಾಸು ಬಿದ್ದ ಮೇಲೂ ಚಪ್ಪಡಿಯನ್ನು 48 ಗಂಟೆ ಬಿಸಿಯಾಗಿಟ್ಟು, ಆಮೇಲೆ ದಿನಕ್ಕೆ ಐದು ಡಿಗ್ರಿಯಂತೆ ಇಳಿಸಿದೆ. ಹಿಂದಿನ ದೀಪವನ್ನು ಮೊದಲ ದಿನದ ಕೊನೆಗೇ ತೆಗೆಯಬೇಕು, ಇಲ್ಲದಿದ್ದರೆ ಮರಿಗಳು ತಾಯಿಯ ಹಿಂದೆಯೇ ಮಲಗುವುದನ್ನು ಕಲಿಯುತ್ತವೆ. ಅಷ್ಟರಲ್ಲಿ ಮರಿಗೂಡಿನ ನೆಲ, ಚಾಪೆ ಮತ್ತು ನೆರಳಿನಲ್ಲಿ ಕುಳಿತ ಸಂವೇದಕದ ಆಜ್ಞೆಯಂತೆ, 34ರಲ್ಲಿ ಸಿದ್ಧವಾಗಿತ್ತು. ವಾರಕ್ಕೆ ಎರಡು ಡಿಗ್ರಿಯಂತೆ ಅದನ್ನೂ ಇಳಿಸುತ್ತಾ ಬಂದೆ.

ಮೂರನೆಯ ವಾರ ಗೂಡಿನ ನಿಯಂತ್ರಕ ಇದ್ದಕ್ಕಿದ್ದಂತೆ ಮೈನಸ್ 127 ಎಂದು ತೋರಿಸಿತು. ಸಂಪರ್ಕ ಕಡಿದ ಸಂವೇದಕಕ್ಕೆ ನನ್ನ ನಿಯಂತ್ರಕ ಕೊಡುವ ಅಂಕಿ ಅದು. ನಿಯಂತ್ರಕ ಅದನ್ನು ಕಡುಚಳಿ ಎಂದು ತಿಳಿದು ಚಾಪೆಯನ್ನು ಪೂರ್ತಿ ಹಚ್ಚಿತ್ತು, ಮರಿಗಳೆಲ್ಲ ಗೂಡಿನ ಹೊರಗೆ ಮಲಗಿದ್ದವು. ಸಂವೇದಕದ ತಂತಿಯನ್ನು ಯಾವುದೋ ಮರಿ ಕಡಿದು ಹಾಕಿತ್ತು. ತಂತಿ ಈಗ ಅರ್ಧ ಇಂಚಿನ ಕಬ್ಬಿಣದ ಕೊಳವೆಯೊಳಗಿದೆ. ಮೈನಸ್ 10ಕ್ಕಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚಿನ ಯಾವ ಅಂಕಿ ಬಂದರೂ ವಿದ್ಯುತ್ತನ್ನು ಕಡಿದು ಗಂಟೆ ಬಾರಿಸುವಂತೆ ನಿಯಂತ್ರಕವನ್ನು ತಿದ್ದಿದ್ದೇನೆ. ಅದೇ ತಿದ್ದುಪಡಿ ಚಪ್ಪಡಿಯ ನಿಯಂತ್ರಕಕ್ಕೂ ಆಗಬೇಕು. ಮುಂದಿನ ಹಂದಿಗೆ ಇಂದು 106ನೆಯ ದಿನ.